ಪಾಲಿ ಕಲಿಯಲು ಯಾವ ಪುಸ್ತಕ? ಸೇಲಂ–ಧರ್ಮಪುರಿಯ ಕನ್ನಡಿಗರಿಗೆ ಒಂದು ದಾರಿ



ಭಾನುವಾರದ ಕನ್ನಡ ತರಗತಿ ಮುಗಿಸಿ ಕುರ್ಚಿಗಳನ್ನು ಎತ್ತಿಡುತ್ತಿದ್ದಾಗ ಕಾಲೇಜು ಓದುವ ಒಬ್ಬ ಹುಡುಗಿ ಬಂದು ಕೇಳಿದಳು: "ಸಾರ್, ಪಾಲಿ ಕಲೀಬೇಕು ಅಂತಿದೀನಿ. ಯಾವ ಬುಕ್ ತಗೊಳ್ಳಲಿ?" ಸ್ನೇಹಿತೆಯರ ಜೊತೆ ತ್ಯಾಗನೂರಿಗೆ ಹೋಗಿ ಬಂದಿದ್ದಳಂತೆ. ಮನೆಯಲ್ಲಿ ಕನ್ನಡ ಮಾತಾಡುವ, ಶಾಲೆಯಲ್ಲಿ ತಮಿಳು ಓದಿದ, ಕನ್ನಡ ಅಕ್ಷರಗಳನ್ನು ಈಗಷ್ಟೇ ಕೂಡಿಸಿ ಓದಲು ಕಲಿಯುತ್ತಿರುವ ಹುಡುಗಿ. ನಮ್ಮ ಜಿಲ್ಲೆಗಳ ಕನ್ನಡ ಮನೆಗಳ ಮಕ್ಕಳಲ್ಲಿ ಬಹುಪಾಲು ಹೀಗೆಯೇ ಅಲ್ಲವೇ?

ಆ ಹೊತ್ತಿನಲ್ಲಿ ನಾನು ಒಂದು ಪುಸ್ತಕದ ಹೆಸರು ಹೇಳಿ ಕಳಿಸಿದೆ. ಮನೆಗೆ ಬಂದು ಯೋಚಿಸಿದಾಗ ಆ ಉತ್ತರ ಅರ್ಧವೇ ಅನ್ನಿಸಿತು. ಈ ದಾರಿಯಲ್ಲಿ ಎರಡು ವರ್ಷ ಸುಮ್ಮನೆ ಕಳೆದವನು ನಾನು. ಅದೇ ತಪ್ಪು ಅವಳು ಮಾಡದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಪಾಲಿಯ ಬಗ್ಗೆ ನಮ್ಮಲ್ಲಿ ಇನ್ನೂ ನಾಲ್ಕಾರು ಜನ ವಿಚಾರಿಸಿದ್ದಾರೆ, ಅವರಿಗೂ ಉಪಯೋಗವಾದೀತು.

ಸೇಲಂ, ಧರ್ಮಪುರಿಗೂ ಪಾಲಿಗೂ ಏನು ಸಂಬಂಧ ಎಂದು ಕೇಳುವವರಿಗೆ ಮೊದಲು ಎರಡು ಮಾತು. ಆತ್ತೂರಿನ ಕಡೆಯ ತ್ಯಾಗನೂರಿನಲ್ಲಿ ಧ್ಯಾನಕ್ಕೆ ಕುಳಿತ ದೊಡ್ಡ ಕಲ್ಲಿನ ಬುದ್ಧ ಇದ್ದಾನೆ. ಸೇಲಂನ ಪೆರಿಯೇರಿಯಲ್ಲಿ ತಲೈವೆಟ್ಟಿ ಮುನಿಯಪ್ಪನ್ ಎಂದು ಪೂಜೆಗೊಳ್ಳುತ್ತಿದ್ದ ವಿಗ್ರಹ ಬುದ್ಧನದ್ದು ಎಂದು ಪುರಾತತ್ವ ಇಲಾಖೆಯವರು ವರದಿ ಕೊಟ್ಟರು. 2022ರ ಜುಲೈನಲ್ಲಿ ಮದ್ರಾಸ್ ಹೈಕೋರ್ಟ್ ಅದನ್ನು ಒಪ್ಪಿ ಆದೇಶ ಮಾಡಿತು. ಆ ವ್ಯಾಜ್ಯದ ಸರಿತಪ್ಪು ಇಲ್ಲಿ ನಮ್ಮ ವಿಷಯವಲ್ಲ. ಈ ನೆಲದಲ್ಲಿ ಬುದ್ಧನನ್ನು ಅರಿತ ಜನ ಒಂದು ಕಾಲಕ್ಕೆ ಇದ್ದರು ಎನ್ನುವುದಷ್ಟೇ ವಿಷಯ.

ಇನ್ನೂ ಹಿಂದಕ್ಕೆ ಹೋದರೆ ಅಶೋಕನ ಎರಡನೆಯ ಬಂಡೆಶಾಸನ ಇದೆ. ಅದರಲ್ಲಿ ತನ್ನ ರಾಜ್ಯದ ಆಚೆಗಿನ ದಕ್ಷಿಣದವರನ್ನು ಹೆಸರಿಸುವಾಗ ಚೋಳ, ಪಾಂಡ್ಯ, ಕೇರಳರ ಜೊತೆಗೆ 'ಸತಿಯಪುತೋ' ಎಂದು ಒಂದು ಹೆಸರು ಬರುತ್ತದೆ. ಇವರು ಯಾರು ಎಂದು ವಿದ್ವಾಂಸರು ಬಹಳ ಕಾಲ ತಲೆ ಕೆಡಿಸಿಕೊಂಡಿದ್ದರು. 1981ರಲ್ಲಿ ತಿರುಕ್ಕೋಯಿಲೂರಿನ ಕಡೆಯ ಜಂಬೈ ಎಂಬ ಊರಿನ ಗುಡ್ಡದಲ್ಲಿ ತಮಿಳು ಬ್ರಾಹ್ಮಿಯ ಒಂದು ಸಾಲು ಸಿಕ್ಕಿತು. ಅದರಲ್ಲಿ ಅದಿಯಮಾನ್ ನೆಡುಮಾನ್ ಅಂಜಿ ತನ್ನನ್ನು 'ಸತಿಯಪುತೋ' ಎಂದೇ ಕರೆದುಕೊಂಡಿದ್ದಾನೆ. ಅದಿಯಮಾನನ ತಗಡೂರು ಎಂದರೆ ನಮ್ಮ ಧರ್ಮಪುರಿಯೇ. ತಮಿಳು ವಾಕ್ಯದ ನಡುವೆ ಓಕಾರದಲ್ಲಿ ಮುಗಿಯುವ ಆ ಪ್ರಾಕೃತ ಪದ ಹಾಗೇ ಕೂತಿದೆ. ಪಾಲಿಯ ಮೊದಲ ಪಾಠದಲ್ಲಿ ಕಲಿಯುವುದೂ ಇದೇ: ಅಕಾರಾಂತ ಪುಲ್ಲಿಂಗ ಪದದ ಪ್ರಥಮಾ ವಿಭಕ್ತಿ ಓಕಾರ. ಪುತ್ತ ಎನ್ನುವುದು 'ಪುತ್ತೋ' ಆಗುತ್ತದೆ. (ಜಂಬೈ ಸಾಲಿನ ಕೊನೆಯ ಪದವನ್ನು 'ಪಾಳಿ' ಎಂದೂ ಓದುತ್ತಾರೆ. ಅದು ಮುನಿಗಳು ತಂಗುವ ಕಲ್ಲಿನ ನೆಲೆಯ ಹೆಸರು, ಪಾಲಿ ಭಾಷೆಗೂ ಅದಕ್ಕೂ ನಂಟಿಲ್ಲ. ಮೊದಲ ಸಲ ಓದಿದಾಗ ನಾನು ಬೆಚ್ಚಿಬಿದ್ದಿದ್ದೆ.)

ಹೊಗೇನಕಲ್ಲು, ಮೆಟ್ಟೂರು ದಾಟಿ ಕಾವೇರಿ ಕೆಳಗಿಳಿದು ಹೋಗುತ್ತದಲ್ಲ, ಆ ಕೆಳಗಿನ ಚೋಳನಾಡಿನಲ್ಲಿ ಸುಮಾರು 5ನೇ ಶತಮಾನದಲ್ಲಿ ಬುದ್ಧದತ್ತ ಎಂಬ ಭಿಕ್ಷು ಇದ್ದರು. ಊರು ಉರಗಪುರ, ಅಂದರೆ ಇಂದಿನ ಉರೈಯೂರು. 'ಅಭಿಧಮ್ಮಾವತಾರ', 'ವಿನಯವಿನಿಚ್ಛಯ' ಎಂಬ ಪಾಲಿ ಗ್ರಂಥಗಳು ಅವರವು. ಹಾಗಾಗಿ ಪಾಲಿ ಎಂದರೆ ಬಿಹಾರದ್ದು, ಸಿಂಹಳದ್ದು, ನಮಗೆ ದೂರದ್ದು ಎಂಬ ಭಾವನೆ ಬೇಡ.

ಈಗ ಪುಸ್ತಕದ ಮಾತಿಗೆ ಬರುತ್ತೇನೆ. ಪಾಲಿಗೆ ತನ್ನದೇ ಲಿಪಿ ಇಲ್ಲ. ಸಿಂಹಳದವರು ಸಿಂಹಳ ಲಿಪಿಯಲ್ಲಿ, ಬರ್ಮಾದವರು ಬರ್ಮೀ ಲಿಪಿಯಲ್ಲಿ, ಥಾಯ್ ಜನ ತಮ್ಮ ಲಿಪಿಯಲ್ಲಿ ಬರೆಯುತ್ತಾರೆ. ಅಂದರೆ ಮೊದಲ ಪಠ್ಯಸಾಮಗ್ರಿ ನೀವು ಓದುವ ಲಿಪಿಯೇ. ನಮ್ಮ ಮಕ್ಕಳ ವಿಷಯ ಮುಖ್ಯವಾಗುವುದು ಇಲ್ಲೇ.

ಪಾಲಿಗೆ ಒಟ್ಟು 41 ಅಕ್ಷರ: ಎಂಟು ಸ್ವರ, 33 ವ್ಯಂಜನ. ಕನ್ನಡ ವರ್ಣಮಾಲೆಯಲ್ಲಿ ಇವೆಲ್ಲವೂ ಇವೆ, ಬೇರೆ ಚಿಹ್ನೆ ಒಂದೂ ಬೇಡ. ಋ ಇಲ್ಲ, ಐ ಔ ಇಲ್ಲ, ಶ ಷ ಇಲ್ಲ, ವಿಸರ್ಗ ಇಲ್ಲ. ನಮ್ಮ ಳ ಇದೆ. ವರ್ಣಮಾಲೆಯ ಚಾರ್ಟಿನಲ್ಲಿ ಮಾತ್ರ ನೋಡಿ ಮರೆಯುತ್ತಿದ್ದ ಞ ಅಕ್ಷರಕ್ಕೆ ಪಾಲಿಯಲ್ಲಿ ದಿನಾ ಕೆಲಸ: ಞಾಣ, ಪಞ್ಞಾ, ಸಞ್ಞಾ. ಅದೇ ತಮಿಳು ಲಿಪಿಯಲ್ಲಿ ನೋಡಿ. ಕ, ಖ, ಗ, ಘ ನಾಲ್ಕಕ್ಕೂ ಒಂದೇ ಅಕ್ಷರ. ಪಾಲಿಯಲ್ಲಿ 'ಪುತ್ತ' ಎಂದರೆ ಮಗ. 'ಬುದ್ಧ' ಎಂದರೆ ಯಾರೆಂದು ಹೇಳಬೇಕಿಲ್ಲ. ಎರಡನ್ನೂ ತಮಿಳಿನಲ್ಲಿ ಬರೆಯುವುದು ಒಂದೇ ತರಹ! ಅಕ್ಷರದ ಪಕ್ಕ ಚಿಕ್ಕ ಅಂಕೆ ಹಾಕಿ ಮಹಾಪ್ರಾಣ, ಘೋಷಗಳನ್ನು ತೋರಿಸುವ ರೂಢಿ ಇದೆ, ತಪ್ಪೇನಿಲ್ಲ. ಆದರೆ ಅಂಕೆ ನೋಡುತ್ತ ನೋಡುತ್ತ ಓದುವುದು ಹೊಸಬರಿಗೆ ಹಿಂಸೆ. ತಮಿಳು ತನ್ನ ಸದ್ದುಗಳಿಗೆ ತಕ್ಕ ಲಿಪಿ ಇಟ್ಟುಕೊಂಡಿದೆ. ಪಾಲಿಯ ಸದ್ದುಗಳು ಬೇರೆ, ಅಷ್ಟೇ.

ಇಂಗ್ಲಿಷ್ ಅಕ್ಷರದಲ್ಲಿ ಓದಿದರೆ ಆಗದೇ? ಆಗುತ್ತದೆ, ಪ್ರಪಂಚದಲ್ಲಿ ಬಹಳ ಜನ ಓದುವುದು ಹಾಗೆಯೇ. ಅದರಲ್ಲಿ ದೀರ್ಘಕ್ಕೆ ಅಕ್ಷರದ ಮೇಲೆ ಗೆರೆ, ಟವರ್ಗಕ್ಕೆ ಅಕ್ಷರದ ಕೆಳಗೆ ಚುಕ್ಕೆ ಇರುತ್ತದೆ. ನಾನು ಒಂದು ಅಂಗಡಿಯಿಂದ ಹಳೆಯ ವ್ಯಾಕರಣವೊಂದರ ಮರುಮುದ್ರಣ ತರಿಸಿದೆ. ಯಂತ್ರದಲ್ಲಿ ಸ್ಕ್ಯಾನ್ ಮಾಡಿ ಅಚ್ಚು ಹಾಕಿದ್ದು, ಗೆರೆ ಚುಕ್ಕೆಗಳೆಲ್ಲ ಉದುರಿಹೋಗಿದ್ದವು. ಪಾಲಿಯಲ್ಲಿ 'ಬಲ' ಎಂದರೆ ಶಕ್ತಿ, 'ಬಾಲ' ಎಂದರೆ ಮೂಢ. ಗೆರೆ ಇಲ್ಲದ ಆ ಪುಸ್ತಕದಲ್ಲಿ ಯಾರು ಬಲಶಾಲಿ, ಯಾರು ಮೂಢ ಎಂದು ತಿಳಿಯದೆ ಒಂದು ತಿಂಗಳು ಒದ್ದಾಡಿದೆ. ಕನ್ನಡ ಲಿಪಿಯಲ್ಲಿ ಈ ಗೊಂದಲಕ್ಕೆ ಜಾಗವೇ ಇಲ್ಲ. ಅಗ್ಗದ ಮರುಮುದ್ರಣ ಕೊಳ್ಳುವ ಮೊದಲು ಒಳಗಿನ ಒಂದು ಪುಟವನ್ನಾದರೂ ನೋಡಿ.

ಹಾಗಾದರೆ ಕನ್ನಡ ಲಿಪಿಯಲ್ಲಿ ಪಾಲಿ ಎಲ್ಲಿ ಸಿಗುತ್ತದೆ? ಇಗತ್‌ಪುರಿಯ ವಿಪಶ್ಯನಾ ವಿಶೋಧನ ವಿನ್ಯಾಸದವರು ಇಡೀ ತಿಪಿಟಕವನ್ನು ಹಲವು ಲಿಪಿಗಳಲ್ಲಿ ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿದ್ದಾರೆ, ಅದರಲ್ಲಿ ಕನ್ನಡವೂ ಒಂದು. 1954ರಿಂದ 1956ರವರೆಗೆ ರಂಗೂನಿನಲ್ಲಿ ನಡೆದ ಆರನೆಯ ಸಂಗಾಯನದ ಪಾಠ ಅದು. ಮೊಬೈಲಿನಲ್ಲೇ ತೆರೆದು ಓದಬಹುದು. ಒಂದು ಎಚ್ಚರಿಕೆ: ಲಿಪಿ ಬದಲಾವಣೆ ಯಂತ್ರದ ಕೆಲಸವಾದ್ದರಿಂದ ಏ, ಓ ಎಲ್ಲ ಕಡೆ ದೀರ್ಘವಾಗಿಯೇ ಕಾಣಬಹುದು. ಒತ್ತಕ್ಷರದ ಹಿಂದೆ ಬಂದಾಗ ಅದನ್ನು ಹ್ರಸ್ವವಾಗಿ ಹೇಳಬೇಕು. 'ಸೇಟ್ಠಿ' ಎಂದು ಬರೆದಿದ್ದರೆ ಸೆಟ್ಠಿ, 'ಪೋತ್ಥಕ' ಎಂದಿದ್ದರೆ ಪೊತ್ಥಕ. ಹಾಗೆ ಹೇಳಿ ನೋಡಿ, ಒಂದರಲ್ಲಿ ನಮ್ಮ ಸೆಟ್ಟಿ, ಇನ್ನೊಂದರಲ್ಲಿ ನಮ್ಮ ಹೊತ್ತಗೆ ಇಣುಕುತ್ತಾರೆ.

ಹೌದು, ಕನ್ನಡಿಗರಿಗೆ ಪಾಲಿಯಲ್ಲಿ ಸಿಗುವ ಎರಡನೆಯ ಲಾಭ ಇದು. ಶಾಲೆಯಲ್ಲಿ ತತ್ಸಮ ತದ್ಭವ ಎಂದು ಬಾಯಿಪಾಠ ಮಾಡಿದ ಪಟ್ಟಿ ನೆನಪಿದೆಯೇ? ಆ ತದ್ಭವಗಳು ಹೆಚ್ಚಾಗಿ ಪ್ರಾಕೃತಗಳ ಮೂಲಕ ಬಂದವು. ಪಾಲಿ ಆ ಪ್ರಾಕೃತಗಳ ಅಕ್ಕ. ಆಶ್ಚರ್ಯ ಪಾಲಿಯಲ್ಲಿ 'ಅಚ್ಛರಿಯ', ನಮ್ಮಲ್ಲಿ ಅಚ್ಚರಿ. ಸಂಧ್ಯಾ ಅಲ್ಲಿ 'ಸಞ್ಝಾ', ಇಲ್ಲಿ ಸಂಜೆ. ವಿದ್ಯಾ ಅಲ್ಲಿ 'ವಿಜ್ಜಾ', ಹಳಗನ್ನಡದಲ್ಲಿ ಬಿಜ್ಜೆ. ಅಗ್ನಿ ಅಲ್ಲಿ 'ಅಗ್ಗಿ'. ಅಗ್ಗಿಷ್ಟಿಕೆಯ ಮುಂದೆ ಕೂತು ಚಳಿ ಕಾಯಿಸಿದವರಿಗೆ ಹೊಸದಾಗಿ ಹೇಳಬೇಕಿಲ್ಲ. ಪಕ್ಷಿ ಅಲ್ಲಿ 'ಪಕ್ಖಿ', ಪ ಹೋಗಿ ಹ ಬಂದರೆ ಹಕ್ಕಿ. ಆಜ್ಞಾ ಅಲ್ಲಿ 'ಆಣಾ', ನಾವು ಆಣೆ ಇಡುತ್ತೇವೆ. 13ನೇ ಶತಮಾನದ ಕೇಶಿರಾಜ 'ಶಬ್ದಮಣಿದರ್ಪಣ'ದಲ್ಲಿ ಈ ಮಾರ್ಪಾಟುಗಳಿಗೆ ಒಂದು ಪ್ರಕರಣವನ್ನೇ ಮೀಸಲಿಟ್ಟಿದ್ದಾನೆ. ಸಂಸ್ಕೃತ ಬಾರದವರು ಪಾಲಿ ಕಲಿಯಲಾರರು ಎಂದು ಯಾರಾದರೂ ಹೆದರಿಸಿದರೆ ಈ ಪಟ್ಟಿ ತೋರಿಸಿ.

ಆದರೆ ಪರಿಚಿತ ಮುಖ ಕಂಡು ಮೋಸ ಹೋಗುವುದೂ ಉಂಟು. 'ಸಞ್ಞಾ' ನಮ್ಮ ಸನ್ನೆಯ ಬಂಧುವಾದರೂ ಬೌದ್ಧ ಗ್ರಂಥದಲ್ಲಿ ಅದರ ಅರ್ಥ ವಸ್ತುವನ್ನು ಇಂಥದ್ದು ಎಂದು ಗುರುತಿಸುವ ಅರಿವು. 'ವೇದನಾ' ಕಂಡ ಕೂಡಲೆ ನಾವು ನೋವು ಎಂದುಕೊಳ್ಳುತ್ತೇವೆ. ಪಾಲಿಯಲ್ಲಿ ಸುಖದ ಅನುಭವವೂ ವೇದನೆಯೇ, ಸುಖವೂ ದುಃಖವೂ ಅಲ್ಲದ್ದೂ ವೇದನೆಯೇ. 'ಭತ್ತ' ಎಂದರೆ ಗದ್ದೆಯ ಭತ್ತ ಅಲ್ಲ, ತಟ್ಟೆಯ ಅನ್ನ. ನನ್ನ ನೋಟ್‌ಬುಕ್‌ನ ಕೊನೆಯ ಪುಟಗಳಲ್ಲಿ ಇಂಥ ಪದಗಳಿಗೆ ಒಂದು ಪ್ರತ್ಯೇಕ ಪಟ್ಟಿ ಇಟ್ಟಿದ್ದೇನೆ, ಮೇಲೆ 'ಹುಷಾರ್' ಎಂದು ಬರೆದು.

ಪಠ್ಯಪುಸ್ತಕಗಳ ವಿಷಯದಲ್ಲಿ ನನ್ನ ಎಡವಟ್ಟು ಹೇಳಿಬಿಡುತ್ತೇನೆ. ಎಲ್ಲಕ್ಕಿಂತ ಒಳ್ಳೆಯದು ಯಾವುದು ಎಂದು ವಿಚಾರಿಸಿ ಎ.ಕೆ. ವಾರ್ಡರ್ ಅವರ 'ಇಂಟ್ರೊಡಕ್ಷನ್ ಟು ಪಾಲಿ' ಕೊಂಡೆ. 1963ರಲ್ಲಿ ಪಾಲಿ ಟೆಕ್ಸ್ಟ್ ಸೊಸೈಟಿ ಪ್ರಕಟಿಸಿದ್ದು, 30 ಪಾಠ, ಉದಾಹರಣೆಗಳು ಬಹುಪಾಲು ದೀಘನಿಕಾಯದಿಂದಲೇ. ನಿಜಕ್ಕೂ ಒಳ್ಳೆಯ ಪುಸ್ತಕ. ಆದರೆ ಅದು ವ್ಯಾಕರಣದ ಪರಿಭಾಷೆ ಬಲ್ಲವರಿಗೆ, ಪಕ್ಕದಲ್ಲಿ ಮೇಷ್ಟ್ರು ಇರುವವರಿಗೆ. ಒಂದೊಂದು ಪಾಠದಲ್ಲಿ ನಾಲ್ಕೈದು ಹೊಸ ವಿಷಯ ತುಂಬಿರುತ್ತವೆ. ನಾನು ಏಳನೆಯ ಪಾಠದಲ್ಲಿ ನಿಂತುಬಿಟ್ಟೆ. ಪಾಲಿ ನನಗೆ ಹತ್ತುವುದಿಲ್ಲ ಎಂದು ತೀರ್ಮಾನಿಸಿ ಒಂದೂವರೆ ವರ್ಷ ಅದನ್ನು ಬೀರುವಿನ ಮೇಲೆ ಇಟ್ಟೆ. ಒಳ್ಳೆಯ ಪುಸ್ತಕವೇ ಮೊದಲ ಪುಸ್ತಕವಾಗಬೇಕಿಲ್ಲ ಎಂದು ಗೊತ್ತಾಗಲು ಅಷ್ಟು ಕಾಲ ಬೇಕಾಯಿತು.

ಆ ಹುಡುಗಿಗೆ ನಾನು ಹೇಳಿದ ಹೆಸರು ಲಿಲಿ ಡಿ ಸಿಲ್ವಾ ಅವರ 'ಪಾಲಿ ಪ್ರೈಮರ್'. ಲೇಖಕಿ ಶ್ರೀಲಂಕಾದ ಪೆರಾದೆಣಿಯ ವಿಶ್ವವಿದ್ಯಾಲಯದಲ್ಲಿ ಪಾಲಿ ಕಲಿಸಿದವರು. 1994ರಲ್ಲಿ ಇಗತ್‌ಪುರಿಯವರೇ ಪ್ರಕಟಿಸಿದರು. ತೆಳ್ಳನೆಯ ಪುಸ್ತಕ, 32 ಪಾಠ. ಮೊದಲ ಪಾಠದಲ್ಲಿ ಕರ್ತೃ ಮತ್ತು ಕ್ರಿಯಾಪದ, ಎರಡನೆಯದರಲ್ಲಿ ದ್ವಿತೀಯಾ ವಿಭಕ್ತಿ, ಮೂರನೆಯದರಲ್ಲಿ ತೃತೀಯಾ, ಹೀಗೆ ಪಾಠಕ್ಕೊಂದು ಮೆಟ್ಟಿಲು. ಪ್ರತಿ ಪಾಠದ ಕೊನೆಗೆ ಪಾಲಿಯಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಪಾಲಿಗೆ ತರಬೇಕಾದ ವಾಕ್ಯಗಳು. ಅಭ್ಯಾಸಗಳ ಉತ್ತರಗಳನ್ನು ಬೇರೆಯವರು ಸಿದ್ಧಪಡಿಸಿ ಅಂತರ್ಜಾಲದಲ್ಲಿ ಹಾಕಿದ್ದಾರೆ, ಒಬ್ಬರೇ ಓದುವವರಿಗೆ ಇದು ದೊಡ್ಡ ಅನುಕೂಲ. ವಾಕ್ಯಗಳು ಮಗ್ಗಿಯ ಹಾಗೆ ಬೇಸರ ತರಿಸುತ್ತವೆ ಎಂಬ ದೂರಿದೆ. ನಿಜ, ರೈತ ಹೊಲ ಉಳುತ್ತಾನೆ, ನಾಯಿ ಓಡುತ್ತದೆ, ಅಂಥವೇ. ಆದರೆ ಮಗ್ಗಿ ಬಾರದೆ ಲೆಕ್ಕ ಯಾರಿಗೆ ಬಂದಿದೆ?

ಇದನ್ನು ಓದುವ ಕ್ರಮ ಮಾತ್ರ ಪುಸ್ತಕದಲ್ಲಿ ಬರೆದಿಲ್ಲ, ನಾನು ಕಂಡುಕೊಂಡದ್ದು. ಪುಸ್ತಕ ಇಂಗ್ಲಿಷ್ ಅಕ್ಷರದಲ್ಲಿದೆ. ಪ್ರತಿ ಪಾಲಿ ಪದವನ್ನೂ ಕನ್ನಡ ಲಿಪಿಯಲ್ಲಿ ನೋಟ್‌ಬುಕ್ಕಿಗೆ ಇಳಿಸಿಕೊಳ್ಳಿ, ಅರ್ಥವನ್ನು ಕನ್ನಡದಲ್ಲೇ ಬರೆಯಿರಿ, ಅಭ್ಯಾಸದ ವಾಕ್ಯಗಳನ್ನೂ ಇಂಗ್ಲಿಷಿಗೆ ಬದಲು ಕನ್ನಡಕ್ಕೆ ತನ್ನಿ. ಕೆಲಸ ಎರಡು ಪಟ್ಟಾಗುತ್ತದೆ ಅನ್ನಿಸಬಹುದು. ಮಾಡಿ ನೋಡಿದರೆ ಅರ್ಧವಾಗುತ್ತದೆ. ಹೇಗೆಂದು ಹೇಳುತ್ತೇನೆ.

'ಪುತ್ತೋ ಗಾಮಂ ಗನ್ತ್ವಾ ಭತ್ತಂ ಭುಞ್ಜತಿ.' ಇದನ್ನು ಇಂಗ್ಲಿಷಿಗೆ ತರಬೇಕಾದರೆ ಪದಗಳನ್ನೆಲ್ಲ ಹಿಂದು ಮುಂದು ಮಾಡಬೇಕು. ಕನ್ನಡಕ್ಕೆ? ಮಗ ಊರಿಗೆ ಹೋಗಿ ಅನ್ನ ಉಣ್ಣುತ್ತಾನೆ. ಪದದ ಕೆಳಗೆ ಪದ ಇಟ್ಟರೆ ಮುಗಿಯಿತು. 'ಗನ್ತ್ವಾ' ಎಂದರೆ ಹೋಗಿ, 'ಕತ್ವಾ' ಎಂದರೆ ಮಾಡಿ, 'ದತ್ವಾ' ಎಂದರೆ ಕೊಟ್ಟು. ಎದ್ದು, ಮುಖ ತೊಳೆದು, ಕಾಫಿ ಕುಡಿದು, ಬಸ್ ಹಿಡಿದು ಬಂದೆ ಎಂದು ನಾವು ಒಂದೇ ಉಸಿರಿಗೆ ಪೋಣಿಸುವ ಹಾಗೆಯೇ ಪಾಲಿಯ ಕಥೆಗಳೂ ಪೋಣಿಸಿಕೊಂಡು ಹೋಗುತ್ತವೆ. 'ಗನ್ತುಂ ಇಚ್ಛತಿ' ಎಂದರೆ ಹೋಗಲು ಬಯಸುತ್ತಾನೆ. ಇನ್ನು 'ಇತಿ'. 'ಅಹಂ ಗಚ್ಛಾಮೀತಿ ವದತಿ' ಎಂದರೆ ನಾನು ಹೋಗುತ್ತೇನೆ ಎಂದು ಹೇಳುತ್ತಾನೆ. ಇಂಗ್ಲಿಷಿನಲ್ಲಿ ಯೋಚಿಸುವವರು ಈ 'ಇತಿ' ಎಲ್ಲಿಂದ ಬಂತೆಂದು ತಡಕಾಡುತ್ತಾರೆ. ನಮಗೆ 'ಎಂದು' ಇದೆ, ತಮಿಳಿನಲ್ಲಿ 'ಎನ್ಡ್ರು' ಇದೆ. ಮನೆಯಲ್ಲಿ ಕನ್ನಡ, ಹೊರಗೆ ತಮಿಳು ಆಡುವ ನಮ್ಮ ಮಕ್ಕಳಿಗೆ ಈ ಜಾಗದಲ್ಲಿ ಎರಡು ಕಡೆಯಿಂದಲೂ ಆಸರೆ.

ಕಷ್ಟ ಎಲ್ಲಿ ಎಂದೂ ಹೇಳಬೇಕು. ಲಿಂಗದಲ್ಲಿ. ನಮಗೆ ಮರ, ಊರು, ಕೈ ಎಲ್ಲ ನಪುಂಸಕ. ಪಾಲಿಯಲ್ಲಿ 'ರುಕ್ಖ', 'ಗಾಮ', 'ಹತ್ಥ' ಮೂರೂ ಪುಲ್ಲಿಂಗ. 'ನದೀ', 'ವಾಚಾ' ಸ್ತ್ರೀಲಿಂಗ. ಪದ ಕಲಿಯುವಾಗಲೇ ಲಿಂಗವನ್ನೂ ಬರೆದಿಟ್ಟುಕೊಳ್ಳದಿದ್ದರೆ ಮುಂದೆ ವಿಶೇಷಣ ಬಂದಾಗ ಎಲ್ಲ ಕಲಸಿಹೋಗುತ್ತದೆ. ನಮ್ಮ 'ಒಳ್ಳೆಯ' ಯಾರ ಮುಂದೆಯೂ ಬದಲಾಗುವುದಿಲ್ಲ, ಅಲ್ಲಿ ವಿಶೇಷಣವೂ ಲಿಂಗ, ವಚನ, ವಿಭಕ್ತಿ ಮೂರಕ್ಕೂ ತಲೆಬಾಗಬೇಕು. ಕರ್ಮಣಿ ಪ್ರಯೋಗ ಇನ್ನೊಂದು. 'ಪುತ್ತೇನ ಕತಂ ಕಮ್ಮಂ', ಮಗನಿಂದ ಮಾಡಲ್ಪಟ್ಟ ಕೆಲಸ. ಕನ್ನಡದಲ್ಲಿ ಸರ್ಕಾರಿ ಕಾಗದ ಬಿಟ್ಟರೆ ಯಾರೂ ಹಾಗೆ ಮಾತಾಡುವುದಿಲ್ಲ, ಪಾಲಿಯಲ್ಲಿ ಇದೇ ದಿನಬಳಕೆ. ಅನುವಾದಿಸುವಾಗ ಮೊದಲು 'ಮಾಡಲ್ಪಟ್ಟ' ಎಂದೇ ಬರೆದು, ಆಮೇಲೆ 'ಮಗ ಮಾಡಿದ ಕೆಲಸ' ಎಂದು ತಿದ್ದಿಕೊಳ್ಳಿ.

ದಿನಕ್ಕೆ ಅರ್ಧ ಗಂಟೆ, ವಾರಕ್ಕೊಂದು ಪಾಠ ಎಂದರೆ ಎಂಟು ತಿಂಗಳ ಕೆಲಸ. ಪರೀಕ್ಷೆ, ಮದುವೆ, ಹಬ್ಬ ಕಳೆದು ಒಂದು ವರ್ಷ ಎಂದಿಟ್ಟುಕೊಳ್ಳಿ. ಪ್ರೈಮರ್ ಹಿಡಿಸದಿದ್ದರೆ ಎ.ಪಿ. ಬುದ್ಧದತ್ತ ಮಹಾಥೇರರ 'ನ್ಯೂ ಪಾಲಿ ಕೋರ್ಸ್' ಇದೆ. ಇವರು ಮೇಲೆ ಹೇಳಿದ ಉರೈಯೂರಿನ ಬುದ್ಧದತ್ತರಲ್ಲ, 20ನೇ ಶತಮಾನದ ಸಿಂಹಳದ ವಿದ್ವಾಂಸರು. ಹಿಂದಿ ಚೆನ್ನಾಗಿ ಬಲ್ಲವರಿಗೆ ಭಿಕ್ಷು ಜಗದೀಶ ಕಾಶ್ಯಪರ 'ಪಾಲಿ ಮಹಾವ್ಯಾಕರಣ' ಇದೆ, ಆದರೆ ಅದು ಪಕ್ಕದಲ್ಲಿಟ್ಟುಕೊಂಡು ನೋಡುವ ಪುಸ್ತಕ, ಮೊದಲಿನಿಂದ ಓದುವುದಲ್ಲ. ಒಂದನ್ನು ಮುಗಿಸುವ ಮೊದಲು ಇನ್ನೊಂದಕ್ಕೆ ಹಾರಬೇಡಿ. ಐದು ಪುಸ್ತಕಗಳ ಮೊದಲ ಮೂರು ಪಾಠ ಕಲಿತವರನ್ನು ನಾನು ಕಂಡಿದ್ದೇನೆ.

ಪ್ರೈಮರ್ ಮುಗಿದ ಮೇಲೆ ಗೇರ್ ಮತ್ತು ಕರುಣಾತಿಲಕ ಅವರ 'ಎ ನ್ಯೂ ಕೋರ್ಸ್ ಇನ್ ರೀಡಿಂಗ್ ಪಾಲಿ' ಹಿಡಿಯಿರಿ, 12 ಪಾಠ, ದೆಹಲಿಯ ಮೋತಿಲಾಲ್ ಬನಾರಸಿದಾಸ್ ಪ್ರಕಟಣೆ. ಇದರಲ್ಲಿ ಮೊದಲ ಪಾಠದಿಂದಲೇ ನಿಜವಾದ ಸುತ್ತಗಳ ಭಾಗಗಳನ್ನು ಓದಿಸುತ್ತಾರೆ. ಇದನ್ನೇ ಪಠ್ಯವಾಗಿಟ್ಟುಕೊಂಡು ಭಿಕ್ಖು ಬೋಧಿ ಅವರು ಮಾಡಿದ ಪಾಠಗಳ ಧ್ವನಿಮುದ್ರಣ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಗುರು ಇಲ್ಲದ ಊರಿನಲ್ಲಿ ಅದೇ ಗುರು. ಆಮೇಲೆ ವಾರ್ಡರ್ ಅವರನ್ನು ಬೀರುವಿನ ಮೇಲಿಂದ ಇಳಿಸಬಹುದು. ನಾನು ಇಳಿಸಿದೆ, ಏಳನೆಯ ಪಾಠ ಈಗ ಹೆದರಿಸುವುದಿಲ್ಲ.

ನಿಘಂಟಿಗೆ ಹೆಚ್ಚು ಹುಡುಕಬೇಡಿ. ರೀಸ್ ಡೇವಿಡ್ಸ್ ಮತ್ತು ಸ್ಟೀಡ್ ಅವರ ಪಾಲಿ–ಇಂಗ್ಲಿಷ್ ನಿಘಂಟು 1920ರ ದಶಕದ್ದು, ಶಿಕಾಗೋ ವಿಶ್ವವಿದ್ಯಾಲಯದ ತಾಣದಲ್ಲಿ ಉಚಿತವಾಗಿ ನೋಡಬಹುದು. ಅದರಲ್ಲಿ ಮೂಲರೂಪ ಗೊತ್ತಿದ್ದರೆ ಮಾತ್ರ ಪದ ಸಿಗುತ್ತದೆ, 'ಗನ್ತ್ವಾ' ಹುಡುಕಬೇಕಾದರೆ 'ಗಚ್ಛತಿ'ಗೆ ಹೋಗಬೇಕೆಂದು ತಿಳಿದಿರಬೇಕು. ಈಚಿನ 'ಡಿಜಿಟಲ್ ಪಾಲಿ ಡಿಕ್ಷನರಿ'ಯಲ್ಲಿ ಆ ತೊಂದರೆ ಇಲ್ಲ. ಪದ ಯಾವ ರೂಪದಲ್ಲಿದ್ದರೂ ಹಾಕಿ, ಸಂಧಿ ಬಿಡಿಸಿ, ವಿಭಕ್ತಿ ಹೇಳಿ ಕೊಡುತ್ತದೆ. ಇದು ವರವೂ ಹೌದು, ಆಲಸ್ಯದ ಮೂಲವೂ ಹೌದು. ಪ್ರೈಮರ್ ಮುಗಿಯುವವರೆಗೆ ಅದನ್ನು ಮೊಬೈಲಿನಲ್ಲಿ ಹಾಕಿಕೊಳ್ಳಬೇಡಿ ಎನ್ನುವುದು ನನ್ನ ಸಲಹೆ. ಡಾ. ಅಂಬೇಡ್ಕರ್ ಅವರೂ ಒಂದು ಪಾಲಿ ನಿಘಂಟು ಮತ್ತು ವ್ಯಾಕರಣ ಸಿದ್ಧಪಡಿಸಿಕೊಂಡಿದ್ದರು, ಅದು ಅವರ ಬರಹ ಭಾಷಣಗಳ 16ನೆಯ ಸಂಪುಟವಾಗಿ ಇಂಗ್ಲಿಷಿನಲ್ಲಿ ಅಚ್ಚಾಗಿದೆ. ಅಷ್ಟೆಲ್ಲ ಕೆಲಸದ ನಡುವೆ ಆ ಮನುಷ್ಯ ಪದಗಳ ಪಟ್ಟಿ ಮಾಡುತ್ತ ಕೂತಿದ್ದರು ಎಂದು ನೆನೆದರೆ, ನಮಗೆ ಅರ್ಧ ಗಂಟೆ ಸಿಗುವುದಿಲ್ಲ ಎನ್ನಲು ನಾಚಿಕೆಯಾಗುತ್ತದೆ.

ಉಚ್ಚಾರಣೆಗೆ ಯಾವ ಧ್ವನಿಮುದ್ರಣ ಕೇಳುತ್ತೀರಿ ಎಂದು ಸ್ವಲ್ಪ ನೋಡಿಕೊಳ್ಳಿ. ಬರ್ಮಾದ ಪಠಣದಲ್ಲಿ ಚಕಾರ ಸಕಾರದಂತೆ ಕೇಳುತ್ತದೆ, ಥಾಯ್ ಪಠಣದಲ್ಲಿ ಬುದ್ಧ 'ಫುತ್ಥ' ಆಗುತ್ತಾನೆ. ಅವು ಆಯಾ ನಾಡಿನ ರೂಢಿ, ಕೇಳಲು ಇಂಪು. ಕಲಿಯುವಾಗ ಮಾತ್ರ ಶ್ರೀಲಂಕಾದ ಅಥವಾ ನಮ್ಮ ದೇಶದವರ ಪಠಣ ಇಟ್ಟುಕೊಂಡರೆ ಕನ್ನಡ ನಾಲಿಗೆಗೆ ಸುಲಭ.

ಏನು ಓದಬೇಕು? ಎಲ್ಲರೂ ಮೊದಲು 'ಧಮ್ಮಪದ' ಎನ್ನುತ್ತಾರೆ. 423 ಗಾಥೆ, ಚಿಕ್ಕ ಪುಸ್ತಕ, ಕನ್ನಡ ಅನುವಾದಗಳೂ ಇವೆ. ನನ್ನ ಅನಿಸಿಕೆ ಬೇರೆ. ಪದ್ಯದಲ್ಲಿ ಪದಗಳ ಕ್ರಮ ಛಂದಸ್ಸಿಗಾಗಿ ಬದಲಾಗಿರುತ್ತದೆ, ಹಳೆಯ ರೂಪಗಳು ಬರುತ್ತವೆ. ಮೊದಲು ಜಾತಕದ ಗದ್ಯ ಓದಿ, ಅದರಲ್ಲೂ ಗೊತ್ತಿರುವ ಕಥೆ ಆರಿಸಿಕೊಳ್ಳಿ. ಮೊಸಳೆಯ ಹೆಂಡತಿ ಕೋತಿಯ ಹೃದಯ ಬೇಕೆಂದಳು, ಕೋತಿ ಅದನ್ನು ಮರದ ಮೇಲೆ ಬಿಟ್ಟು ಬಂದಿದ್ದೇನೆ ಎಂದಿತು. ಈ ಕಥೆ ಅಜ್ಜಿಯ ಬಾಯಲ್ಲಿ ಕೇಳದ ಕನ್ನಡದ ಮಗು ಇದೆಯೇ? ಅದು ಪಾಲಿಯಲ್ಲಿ 208ನೆಯ ಜಾತಕ, 'ಸುಂಸುಮಾರ ಜಾತಕ'. ಮುಂದೇನಾಗುತ್ತದೆ ಎಂದು ಗೊತ್ತಿರುವಾಗ ಗೊತ್ತಿಲ್ಲದ ಪದವೂ ತಾನೇ ಬಾಯಿಬಿಡುತ್ತದೆ. ಅರ್ಥಕ್ಕೆ ಊರೆ ಬೇಕಾದರೆ ಜಾತಕ ಕಥೆಗಳು ಕನ್ನಡದಲ್ಲಿವೆ. 'ರತ್ನನ ಪದಗಳ' ಜಿ.ಪಿ. ರಾಜರತ್ನಂ ಪಾಲಿ ಕಲಿತು ಬೌದ್ಧ ಸಾಹಿತ್ಯವನ್ನು ಕನ್ನಡಕ್ಕೆ ತಂದವರು ಎಂಬುದನ್ನು ಹೆಂಡ್ಗುಡ್ಕ ರತ್ನನ ಅಭಿಮಾನಿಗಳು ಮರೆಯುತ್ತಾರೆ. ನಮ್ಮ ಹಾಗೆ ಗಡಿನಾಡಿನವರಾದ ಮಂಜೇಶ್ವರದ ಗೋವಿಂದ ಪೈಗಳೂ ಪಾಲಿ ಬಲ್ಲವರು, ಬುದ್ಧನ ಕೊನೆಯ ದಿನವನ್ನು ಕುರಿತು 'ವೈಶಾಖಿ' ಬರೆದರು.

ಅಶೋಕನ ಶಾಸನ ಓದಬೇಕೆಂದು ಪಾಲಿ ಕಲಿಯಲು ಬರುವವರಿಗೆ ಒಂದು ಮಾತು. ಬ್ರಹ್ಮಗಿರಿ, ಮಸ್ಕಿ, ಕೊಪ್ಪಳ, ಸನ್ನತಿಯ ಶಾಸನಗಳ ಭಾಷೆ ಪ್ರಾಕೃತ, ಪಾಲಿಗೆ ಹತ್ತಿರದ್ದು, ಆದರೆ ಪಾಲಿಯಲ್ಲ, ಲಿಪಿ ಬ್ರಾಹ್ಮಿ. ಪಾಲಿ ಬಂದರೆ ಅರ್ಧ ದಾರಿ ಸಾಗಿದಂತೆ, ಉಳಿದರ್ಧಕ್ಕೆ ಬ್ರಾಹ್ಮಿ ಕಲಿಯಬೇಕು. ಹಾಗೆಯೇ ಬೈಲಕುಪ್ಪೆಯ ಮಠಗಳಲ್ಲಿ ಪಾಲಿ ಕಲಿಸಬಹುದು ಎಂದು ಹೋದರೆ ನಿರಾಸೆಯಾದೀತು, ಅಲ್ಲಿಯ ಪರಂಪರೆ ಟಿಬೆಟನ್ ಭಾಷೆಯದ್ದು. ಮನುಷ್ಯರ ಎದುರು ಕೂತು ಕೇಳಬೇಕೆಂದರೆ ನಮಗೆ ಹತ್ತಿರ ಬೆಂಗಳೂರು. ಆಚಾರ್ಯ ಬುದ್ಧರಕ್ಖಿತರು 1956ರಲ್ಲಿ ಕಟ್ಟಿದ ಮಹಾಬೋಧಿ ಸೊಸೈಟಿ ಗಾಂಧಿನಗರದಲ್ಲಿದೆ, ಕನ್ನಡ ಪುಸ್ತಕಗಳೂ ಅಲ್ಲಿ ಸಿಗುತ್ತವೆ. ಸೇಲಂನಿಂದ ಧರ್ಮಪುರಿ, ಹೊಸೂರು ಮಾರ್ಗದ ರೈಲು ಹಿಡಿದರೆ ಆಯಿತು. ಚೆನ್ನೈ ಕಡೆ ಹೋಗುವವರಿಗೆ ಎಗ್ಮೋರಿನಲ್ಲೂ ಮಹಾಬೋಧಿ ಸೊಸೈಟಿ ಇದೆ. ಹೋಗುವ ಮೊದಲು ಫೋನ್ ಮಾಡಿ ತರಗತಿಯ ವಿಚಾರ ಕೇಳಿಕೊಳ್ಳಿ. 2024ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಪಾಲಿಗೆ ಶಾಸ್ತ್ರೀಯ ಭಾಷೆಯ ಸ್ಥಾನ ಕೊಟ್ಟಿದೆ, 2004ರಲ್ಲಿ ತಮಿಳಿಗೆ, 2008ರಲ್ಲಿ ಕನ್ನಡಕ್ಕೆ ಕೊಟ್ಟ ಹಾಗೆ.

ಇಷ್ಟೆಲ್ಲ ಬರೆದ ಮೇಲೆ ಆ ಹುಡುಗಿಗೆ ಮುಂದಿನ ವಾರ ಪೂರ್ತಿ ಉತ್ತರ ಹೇಳಿದೆ. ಮೊದಲು ಮೂರು ತಿಂಗಳು ಕನ್ನಡ ಓದು ಬರಹ ಗಟ್ಟಿ ಮಾಡಿಕೋ, ಒತ್ತಕ್ಷರ ತಡವರಿಸದೆ ಓದುವಷ್ಟು, ಆಮೇಲೆ ಪ್ರೈಮರ್ ಎಂದೆ. ಅವಳ ಮುಖ ಸ್ವಲ್ಪ ಸಪ್ಪಗಾಯಿತು. "ಮೂರು ತಿಂಗಳಾ ಸಾರ್?" ಎಂದಳು. ನೋಟ್‌ಬುಕ್ ತೆಗೆದು ಸಞ್ಝಾ, ಅಚ್ಛರಿಯ, ಪಕ್ಖಿ ಎಂದು ಬರೆದು, ಓದು ಎಂದೆ. ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಸಞ್ಝಾ ಎರಡನೆಯ ಸಲ ಹೇಳುವಾಗ ತಾನೇ ನಿಂತು, "ಇದು ನಮ್ಮ ಸಂಜೆ ಅಲ್ವಾ? ಅವ್ವ ಸಂಜೆ ಅಂತಾಳೆ, ನಾವೇ ಈವ್ನಿಂಗ್ ಅನ್ನೋದು" ಎಂದಳು.

ಭಾನುವಾರದ ಕನ್ನಡ ತರಗತಿಯ ನಂತರ ಒಂದು ಗಂಟೆ ಸಂಘದ ವಾಚನಾಲಯದಲ್ಲಿ ನಾನು ಇರುತ್ತೇನೆ. ಪ್ರೈಮರ್‌ನ ಒಂದು ಪ್ರತಿ, 41 ಅಕ್ಷರಗಳ ಕನ್ನಡ ಪಟ್ಟಿ ಅಲ್ಲಿಯೇ ಇಟ್ಟಿದ್ದೇನೆ, ನೋಡಿ ಬರೆದುಕೊಳ್ಳಬಹುದು. ಇನ್ನೂರು ಪುಟದ ಒಂದು ನೋಟ್‌ಬುಕ್ ತನ್ನಿ. ಕನ್ನಡ ಮಾತು ಬಂದು ಓದು ಬಾರದವರು ಹಿಂಜರಿಯಬೇಡಿ, ಒಂದು ಗಂಟೆ ಮುಂಚೆ ಬಂದು ಕನ್ನಡ ತರಗತಿಯಲ್ಲೇ ಕೂತುಬಿಡಿ.